ಹೊಟ್ಟೆ ಸೀಳದ ಬ

ಆ ಮನೆಯಲ್ಲಿ ಫೋನುಗಳು ಮೂರು. ಅವಕ್ಕೆ ಬಂದ ಮೆಸೇಜು ನೋಡಿ ಇದು ಸಾಚಾ, ಇದು ಖೋಟಾ ಎಂದು ತೀರ್ಪು ಕೊಡುವ ಅಧಿಕಾರ ಮಾತ್ರ ಒಬ್ಬರದೇ, ಮಾವನದು. ಮೂವತ್ತೆಂಟು ವರ್ಷ ಅಚ್ಚುಕೂಟದಲ್ಲಿ ಪ್ರೂಫ್ ತಿದ್ದಿ ನಿವೃತ್ತರಾದ ಮನುಷ್ಯ. ಬೀದಿಯವರು ಎದುರಿಗೆ ‘ಪ್ರೂಫ್ ತಾತ’ ಎನ್ನುತ್ತಿದ್ದರು, ಬೆನ್ನ ಹಿಂದೆ ‘ಕಾಗುಣಿತ’ ಎನ್ನುತ್ತಿದ್ದರು. ಯಾವ ಅಂಗಡಿಯ ಬೋರ್ಡಿನಲ್ಲಿ ಒಂದು ದೀರ್ಘ ತಪ್ಪಿದ್ದರೂ ಒಳಗೆ ಹೋಗಿ ಹೇಳದೆ ಅವರು ಮುಂದಕ್ಕೆ ಹೆಜ್ಜೆ ಇಡುವವರಲ್ಲ. ಇವರ ಕಾಟ ತಾಳಲಾರದೆ ಮೂಲೆಯ ಕ್ಷೌರದಂಗಡಿಯವನು ಬೋರ್ಡಿನ ಅಕ್ಷರವನ್ನೆಲ್ಲ ಅಳಿಸಿ ಬರೀ ಒಂದು ಕತ್ತರಿಯ ಚಿತ್ರ ಬರೆಸಿದ್ದ.

ಈ ಅಧಿಕಾರ ಅವರ ಕೈಗೆ ಬಂದದ್ದು ಸೊಸೆಯ ಒಂದು ತಪ್ಪಿನಿಂದ. ಸೊಸೆ ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಮೆಷಿನ್ ಇಟ್ಟುಕೊಂಡವಳು. ಪ್ಯಾಂಟಿನ ಅಂಚು ಮಡಿಸುವುದು, ಜಿಪ್ ಬದಲಿಸುವುದು, ಶಾಲೆಯ ಸಮವಸ್ತ್ರ ಹೊಲಿಯುವುದು ಅವಳ ಕೆಲಸ. ಶಾಲೆ ತೆರೆಯುವ ವಾರ, ಮೇಜಿನ ಮೇಲೆ ಬಟ್ಟೆ ರಾಶಿ ಬಿದ್ದಿದ್ದಾಗ, ಸಂಜೆಯೊಳಗೆ ನಿಮ್ಮ ಕರೆಂಟು ಕಡಿಯುತ್ತೇವೆ ಎಂಬ ಮೆಸೇಜು ಬಂತು. ಕರೆಂಟಿಲ್ಲದೆ ಇಸ್ತ್ರಿಪೆಟ್ಟಿಗೆ ಹೇಗೆ ಕಾಯಬೇಕು? ಅವಳು ಹಿಂದೆಮುಂದೆ ನೋಡದೆ ಅದರಲ್ಲಿದ್ದ ಲಿಂಕಿನ ನೀಲಿ ಗೆರೆ ಒತ್ತಿದಳು. ಹೊಸ ಮೆಷಿನ್ನಿಗೆಂದು ಬ್ಯಾಂಕಿನಲ್ಲಿ ಕೂಡಿಟ್ಟದ್ದೆಲ್ಲ ಕಾಲು ಗಂಟೆಯಲ್ಲಿ ಮಾಯವಾಯಿತು.

ಗಂಡ ಲಿಫ್ಟ್ ರಿಪೇರಿಯವನು, ಮೂರು ದಿನ ಮಾತು ಬಿಟ್ಟ. ನಾಲ್ಕನೆಯ ದಿನ ತಟ್ಟೆ ಮುಂದೆ ಕೂತು, “ಇನ್ನು ಮೇಲೆ ಅಪ್ಪನಿಗೆ ತೋರಿಸದೆ ಏನನ್ನೂ ಒತ್ತಬೇಡ,” ಎಂದ.

“ನಾನೇನು ಚಿಕ್ಕ ಮಗುವಾ?”

“ಚಿಕ್ಕ ಮಗು ಆಗಿದ್ರೆ ನಾಲ್ಕು ಬಾರಿಸಬಹುದಿತ್ತು. ಅದೂ ಆಗಲ್ಲ.”

ಮಗಳು ಪುಟ್ಟಿ ಕಿಸಕ್ಕನೆ ನಕ್ಕಳು. ಸೊಸೆಗೆ ನಗು ಬರಲಿಲ್ಲ. ತಪ್ಪು ತನ್ನದೇ ಆದ್ದರಿಂದ ಬಾಯಿಗೆ ಬೀಗ ಹಾಕಿಕೊಂಡು ಎಲ್ಲರಿಗೂ ಅನ್ನ ಬಡಿಸಿದಳು.

ಅದೇ ವಾರ ಬೀದಿಯ ಕೊನೆಯ ವಾಚನಾಲಯದಲ್ಲಿ ಒಬ್ಬ ಪೊಲೀಸ್ ಮೇಡಂ ಬಂದು ಮೋಸದ ಮೆಸೇಜು ಗುರುತಿಸುವುದು ಹೇಗೆ ಎಂದು ಪಾಠ ಮಾಡಿದರು. ಅವಸರ ಮಾಡುತ್ತಾರೆ, ಒತ್ತಲು ಒಂದು ಗೆರೆ ಕೊಡುತ್ತಾರೆ, ಗುರುತಿಲ್ಲದ ನಂಬರಿನಿಂದ ಬರುತ್ತದೆ. ಈ ಮೂರು ಕಂಡರೆ ಮುಟ್ಟಬೇಡಿ, ದೂರು ಕೊಡಿ, ನಂಬರನ್ನು ಬ್ಲಾಕ್ ಮಾಡಿ. ಮಾವ ಮುಂದಿನ ಸಾಲಿನಲ್ಲಿ ಕೂತು ಬರೆದುಕೊಂಡರು. ಕೊನೆಗೆ ಎದ್ದು ನಿಂತು, “ನಾಲ್ಕನೇದು ಒಂದು ಬಿಟ್ರಿ ಮೇಡಂ. ಕಳ್ಳರಿಗೆ ಕಾಗುಣಿತ ಬರಲ್ಲ,” ಎಂದರಂತೆ. ಮೇಡಂ ಚಪ್ಪಾಳೆ ತಟ್ಟಿಸಿದರಂತೆ. ಆ ಚಪ್ಪಾಳೆಯ ವಿಷಯ ಮನೆಯಲ್ಲಿ ಎಂಟು ದಿನ ಊಟಕ್ಕೆ ನೆಂಚಿಕೊಳ್ಳಲು ಆಯಿತು.

ದೂರು ಕೊಡುವ ಗುಂಡಿ ಎಲ್ಲಿದೆ ಎಂದು ತೋರಿಸಿಕೊಟ್ಟವಳು ಪುಟ್ಟಿ. “ತಾತ, ಇಲ್ಲಿ ಒತ್ತಿ ಹಿಡಿ. ಈಗ ಇದು. ಆಮೇಲೆ ಬ್ಲಾಕ್. ಮುಗೀತು, ಇನ್ನು ಅವನು ತಲೆಕೆಳಗಾಗಿ ನಿಂತ್ರೂ ನಮಗೆ ಫೋನ್ ಮಾಡಕ್ಕಾಗಲ್ಲ.”

“ಫೋನೂ ಬರಲ್ವಾ?”

“ರಿಂಗೇ ಆಗಲ್ಲ ತಾತ.”

ಮಾವನಿಗೆ ಅದು ಬಹಳ ಹಿಡಿಸಿತು. ದಿನಾ ಬೆಳಗ್ಗೆ ಟೀ ಲೋಟ ಕೆಳಗಿಟ್ಟ ಮೇಲೆ ಮೂರೂ ಫೋನು ಅವರ ಮುಂದೆ ಸಾಲಾಗಿ ಬರಬೇಕು. ಕೆಟ್ಟ ಮೆಸೇಜನ್ನು ಮೊದಲು ನೋಟ್‌ಬುಕ್ಕಿಗೆ ಇಳಿಸಿಕೊಂಡು, ಕೆಂಪು ಪೆನ್ನಿನಲ್ಲಿ ತಪ್ಪು ತಿದ್ದಿ, ಅಂಚಿನಲ್ಲಿ ಪ್ರೂಫಿನ ಗುರುತು ಹಾಕಿ, ಆಮೇಲೆ ದೂರು ಒತ್ತುವರು. ಕಳ್ಳನನ್ನು ಹಿಡಿಯುವುದಕ್ಕಿಂತ ಅವನ ಒತ್ತಕ್ಷರ ಹಿಡಿಯುವುದರಲ್ಲೇ ಅವರಿಗೆ ಹೆಚ್ಚು ಸಂತೋಷ ಎಂದು ಸೊಸೆಗೆ ಅನ್ನಿಸುತ್ತಿತ್ತು. ಹಾಗೆಂದು ಹೇಳುವ ಧೈರ್ಯ ಅವಳಿಗಿರಲಿಲ್ಲ. ನಿಜ ಹೇಳಬೇಕೆಂದರೆ, ಮುದುಕರ ಮುಖದಲ್ಲಿ ಬಹಳ ವರ್ಷದ ಮೇಲೆ ಕಳೆ ಕಂಡಿತ್ತು. ಅಚ್ಚುಕೂಟ ಮುಚ್ಚಿದ ಮೇಲೆ ಅವರನ್ನು ಯಾರೂ ಏನೂ ಕೇಳಿರಲಿಲ್ಲ.

ಒಮ್ಮೆ ಎಡವಟ್ಟೂ ಆಯಿತು. ಪುಟ್ಟಿಯ ಶಾಲೆಯಿಂದ ‘ನಾಳೆ ಕ್ರೀಡಾಕೂಟ, ಬಿಳಿ ಶೂ ಕಡ್ಡಾಯ’ ಎಂದು ಬಂದ ಮೆಸೇಜಿನಲ್ಲಿ ಕಡ್ಡಾಯದ ಒತ್ತು ಬಿಟ್ಟುಹೋಗಿತ್ತು. ಮಾವ ಅದನ್ನೂ ದೂರಿಗೆ ಹಾಕಿದರು. ಪುಟ್ಟಿ ಕಪ್ಪು ಶೂನಲ್ಲಿ ಹೋಗಿ ಇಡೀ ದಿನ ಬೆಂಚಿನ ಮೇಲೆ ಕೂತು ಮುಖ ಊದಿಸಿಕೊಂಡು ಬಂದಳು.

“ತಾತ, ನಮ್ಮ ಮಿಸ್‌ನೇ ಕಳ್ಳಿ ಮಾಡಿಬಿಟ್ಟೆ!”

“ಮೇಷ್ಟ್ರುಗಳೇ ಹೀಗೆ ಬರೆದ್ರೆ ಕಳ್ಳರನ್ನ ಯಾಕೆ ಬೈಬೇಕು?” ಎಂದರು ಮಾವ. ಎಲ್ಲರೂ ನಕ್ಕರು. ಅಂದು ನಕ್ಕದ್ದಕ್ಕೆ ಸೊಸೆ ಆಮೇಲೆ ಎಷ್ಟು ಸಲ ತನ್ನನ್ನೇ ಬೈದುಕೊಂಡಳೋ.

ಅವಳ ಕಣ್ಣಿನ ವಿಷಯವನ್ನು ಇಲ್ಲಿ ಹೇಳಬೇಕು. ಎಡಗಣ್ಣು ಹುಟ್ಟಿನಿಂದಲೇ ಮಂದ. ದುಡಿದದ್ದೆಲ್ಲ ಬಲಗಣ್ಣು. ಎರಡು ವರ್ಷದ ಹಿಂದೆ ಜೀನ್ಸ್ ಹೊಲಿಯುವಾಗ ಮೆಷಿನ್ನಿನ ಸೂಜಿ ಮುರಿದು, ಅದರ ಚೂರು ಹಾರಿ ಬಲಗಣ್ಣಿಗೆ ಬಡಿದಿತ್ತು. ಗಾಯ ಕೀವಾಗಿ, ಮಾಗಿ, ಕರಿಗುಡ್ಡೆಯ ಮೇಲೆ ಸುಣ್ಣ ಬಳಿದಂತೆ ಬಿಳಿ ಕಲೆ ನಿಂತಿತು. ಸತ್ತವರು ದಾನ ಮಾಡಿದ ಕಣ್ಣಿನ ಮೇಲ್ಪದರ ತೆಗೆದು ಹಾಕಿದರೆ ಮತ್ತೆ ಕಾಣುತ್ತದೆ ಎಂದು ಕಣ್ಣಾಸ್ಪತ್ರೆಯ ಡಾಕ್ಟರು ಹೇಳಿ, ಪಟ್ಟಿಯಲ್ಲಿ ಹೆಸರು ಬರೆಸಿಕೊಂಡಿದ್ದರು. ಅಲ್ಲಿಂದ ಹದಿನಾಲ್ಕು ತಿಂಗಳು. ಈಗ ಸೂಜಿಗೆ ದಾರ ಪೋಣಿಸಿಕೊಡುವವಳು ಪುಟ್ಟಿ. ಶಾಲೆಗೆ ಹೋಗುವ ಮುಂಚೆ ಇಪ್ಪತ್ತು ಸೂಜಿಗೆ ದಾರ ಪೋಣಿಸಿ ದಿಂಬಿಗೆ ಚುಚ್ಚಿಟ್ಟು ಹೋಗುತ್ತಾಳೆ. ಅವು ಮುಗಿದರೆ ಕೈಹೊಲಿಗೆ ಕೆಲಸ ಅಲ್ಲಿಗೇ ನಿಲ್ಲುತ್ತದೆ.

ಆ ಮೆಸೇಜು ಬಂದದ್ದು ಒಂದು ಭಾನುವಾರ ಬೆಳಗ್ಗೆ. ಮೊಟ್ಟೆ ಬೇಯಲು ಇಟ್ಟು ಸೊಸೆ ಫೋನು ಎತ್ತಿಕೊಂಡಿದ್ದಳು. ಎಡಗಣ್ಣಿನ ಹತ್ತಿರ ಹಿಡಿದು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ‘ಧಾನಿಯ ಕಣ್ಣು ಲಬ್ಯವಿದೆ. ಎರಡು ಗಂಟೆಯೊಳಗೆ ಕೆಳಗೆ ಒತ್ತಿ ಒಪ್ಪಿಗೆ ನೀಡಿ. ನಾಳೆ ಬೆಳಿಗ್ಗೆ ದಾಖಲಾಗಿ. ತಪ್ಪಿದಲ್ಲಿ ಮುಂದಿನವರಿಗೆ.’ ಒಲೆ ಹಾಗೇ ಬಿಟ್ಟು ಮಾವನ ಬಳಿ ಓಡಿದಳು.

“ಮಾವ, ಇದು ನೋಡಿ. ಆಸ್ಪತ್ರೇದು ಇರಬೇಕು.”

ಮಾವ ಕನ್ನಡಕ ಏರಿಸಿ ಓದಿದರು. ಓದುತ್ತಾ ಓದುತ್ತಾ ಅವರ ಹುಬ್ಬು ಮೇಲೇರಿತು.

“ಎಲ್ಲಮ್ಮಾ ಆಸ್ಪತ್ರೆ ಹೆಸರು? ಬರೀ ನಂಬರಿದೆ. ಎರಡು ಗಂಟೆಯೊಳಗೆ ಅಂತಾನೆ, ಅವಸರ. ಒತ್ತಿ ಅಂತಾನೆ, ನೀಲಿ ಗೆರೆ. ಮೂರೂ ಆಯ್ತು. ಇಲ್ಲಿ ನೋಡು, ದಾನಿಗೆ ಹೊಟ್ಟೆ ಸೀಳಿದಾನೆ! ಲಭ್ಯ ಅನ್ನೋ ಕಡೆ ಭ ಹೊಟ್ಟೆ ಸೀಳಬೇಕು, ಅಲ್ಲಿ ಸೀಳಿಲ್ಲ. ಸೀಳಬಾರದ್ದನ್ನ ಸೀಳಿ, ಸೀಳಬೇಕಾದ್ದನ್ನ ಬಿಟ್ಟಿದಾನೆ. ಡಾಕ್ಟರು ಬರೆಯೋ ಬರಹಾನಾ ಇದು?”

“ನಂಗೆ ಕಣ್ಣು ಬೇಕಾಗಿರೋದು ಇವರಿಗೆ ಹೇಗೆ ಗೊತ್ತಾಯ್ತು ಮಾವ?”

“ಕರೆಂಟು ಬೇಕಾಗಿರೋದು ಹೇಗೆ ಗೊತ್ತಾಯ್ತೋ ಹಾಗೇ.”

ಆದರೂ ಅವಳು ಹಟ ಬಿಡದೆ ಆಸ್ಪತ್ರೆಯ ಚೀಟಿ ಹುಡುಕಿ ಅದರ ಮೇಲಿದ್ದ ನಂಬರಿಗೆ ಫೋನ್ ಮಾಡಿದಳು. ಭಾನುವಾರ, ಹೊರರೋಗಿಗಳ ವಿಭಾಗಕ್ಕೆ ರಜೆ. ರಿಂಗಾಗಿ ರಿಂಗಾಗಿ ನಿಂತಿತು. ಐದು ಸಲ ಮಾಡಿದಳು. ಗಂಡನಿಗೆ ಮಾಡಿದಳು. ಅವನು ಯಾವುದೋ ಲಿಫ್ಟಿನ ಬಾವಿಯೊಳಗೆ ಇಳಿದಿದ್ದ, ಸಿಗ್ನಲ್ ಇರಲಿಲ್ಲ. ಒಂದು ಗಂಟೆಯ ಮೇಲೆ ಅವನೇ ತಿರುಗಿ ಮಾಡಿದ.

“ಏನೇ ಅಷ್ಟೊಂದು ಮಿಸ್ಡ್ ಕಾಲು?”

ಅವಳು ಹೇಳಿದಳು. ಆ ಕಡೆ ಸುತ್ತಿಗೆಯ ಸದ್ದು.

“ಅಪ್ಪ ಏನಂದ್ರು?”

“ಮೋಸ ಅಂತಾರೆ.”

“ಹಾಗಾದ್ರೆ ಮೋಸಾನೇ. ಹೋದ ಸಲದ್ದು ನೆನಪಿದೆ ತಾನೇ? ಬಿಟ್ಟುಬಿಡು.”

“ನಾಳೆ ಹೋಗಿ ಕೇಳ್ಕೊಂಡು ಬರ್ಲಾ?”

“ನಾಳೆ ಸಮವಸ್ತ್ರ ಕೊಡೋ ದಿನ ಅಲ್ವಾ? ಗುರುವಾರ ಹೇಗೂ ತೋರಿಸ್ಕೊಳ್ಳಕ್ಕೆ ಹೋಗ್ತೀಯಲ್ಲ, ಆಗ ಕೇಳು.”

ಫೋನು ಮತ್ತೆ ಮಾವನ ಕೈ ಸೇರಿತು. ಅವರು ನೋಟ್‌ಬುಕ್ಕಿಗೆ ಇಳಿಸಿಕೊಂಡು, ಎರಡು ಕಡೆ ಕೆಂಪು ಗುರುತು ಹಾಕಿ, ದೂರು ಒತ್ತಿ, ಬ್ಲಾಕ್ ಒತ್ತಿದರು. ಒಲೆಯ ಮೇಲೆ ನೀರು ಆರಿ ಮೊಟ್ಟೆ ಒಡೆದು ಸೀದುಹೋಗಿದ್ದವು. “ಕಳ್ಳನಿಂದ ಇವತ್ತು ಆದ ನಷ್ಟ ನಾಲ್ಕು ಮೊಟ್ಟೆ,” ಎಂದು ಮಾವ ತಮಾಷೆ ಮಾಡಿದರು. ಸೊಸೆ ಪಾತ್ರೆ ಉಜ್ಜುತ್ತಾ ಕೂತಳು. ಮಾರನೆಯ ದಿನ ಸಮವಸ್ತ್ರ ಹೊಲಿದು ಕೊಟ್ಟಳು. ಮಂಗಳವಾರ, ಬುಧವಾರ ಫೋನು ತಣ್ಣಗೆ ಮಲಗಿತ್ತು. ಅಷ್ಟು ತಣ್ಣಗಿದ್ದದ್ದು ಅವಳಿಗೆ ಸಮಾಧಾನವನ್ನೇ ತಂದಿತು.

ಗುರುವಾರ ಆಸ್ಪತ್ರೆಯ ಕಿಟಕಿಯ ಹಿಂದಿದ್ದ ಗುಮಾಸ್ತೆ ಚೀಟಿ ನೋಡಿ ತಲೆಯೆತ್ತಿದಳು.

“ನೀವಾ? ಎಲ್ಲಿ ಹೋಗಿದ್ರಮ್ಮಾ? ಭಾನುವಾರ ನಿಮಗೆ ಕಣ್ಣು ಬಂದಿತ್ತಲ್ಲ!”

ಸೊಸೆ ಕಿಟಕಿಯ ಕಂಬಿ ಹಿಡಿದುಕೊಂಡಳು.

“ಮೆಸೇಜ್ ಹಾಕಿದ್ವಿ. ನಾಲ್ಕು ಸಲ ಕರೆ ಮಾಡಿದ್ವಿ. ರಿಂಗೇ ಆಗ್ಲಿಲ್ಲ. ಸಂಜೆವರೆಗೂ ಕಾದು ಮುಂದಿನವರನ್ನ ಕರೆದ್ವಿ. ಒಬ್ಬ ವ್ಯಾನ್ ಡ್ರೈವರು. ನಿನ್ನೆ ಕಣ್ಣಿನ ಪಟ್ಟಿ ಬಿಚ್ಚಿದ್ರು. ಗೋಡೆ ಗಡಿಯಾರ ನೋಡಿ ಟೈಮು ಹೇಳಿದ್ರಂತೆ ಪಾಪ.”

ಆ ಹುಡುಗಿ ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಸೊಸೆಗೆ ಮಾತ್ರ ಆ ಗಡಿಯಾರದ ಮಾತು ಎದೆಯೊಳಗೇ ಹೊಕ್ಕಿತು. ಡಾಕ್ಟರು ಒಳಗೆ ದೀಪ ಹಿಡಿದು ನೋಡಿ ಗೋಣು ಆಡಿಸಿದರು. ಕಲೆಯ ಒಳಕ್ಕೆ ರಕ್ತದ ಎಳೆಗಳು ಬೆಳೆಯತೊಡಗಿವೆ, ಆರು ತಿಂಗಳೊಳಗೆ ಹಾಕಿದರೆ ಹಿಡಿದೀತು, ಅದು ದಾಟಿದರೆ ಹಾಕಿಯೂ ಪ್ರಯೋಜನವಿಲ್ಲ ಎಂದರು. ಕರೆದರೂ ಬಾರದವರ ಹೆಸರು ಪಟ್ಟಿಯ ಕೆಳಕ್ಕೆ ಹೋಗುವುದು ನಿಯಮ, ಅದನ್ನು ತಾವು ಬದಲಿಸುವಂತಿಲ್ಲ ಎಂದೂ ಹೇಳಿದರು. ಅವರು ಒಳ್ಳೆಯವರೇ. ಬೇಸರದಿಂದಲೇ ಹೇಳಿದರು.

ಮನೆಯಲ್ಲಿ ಆ ಸಂಜೆ ಯಾರೂ ಊಟ ಮಾಡಲಿಲ್ಲ. ಗಂಡ ಕೂಗಾಡಿದ.

“ನಿಮ್ಮ ಕಾಗುಣಿತಕ್ಕೆ ಬೆಂಕಿ ಬೀಳ! ಕಾಲ ಹತ್ರಾನೇ ಬಂದ ಕಣ್ಣನ್ನ ಒದ್ದು ಕಳಿಸಿದ್ರಲ್ಲಪ್ಪ!”

“ಲಭ್ಯಕ್ಕೆ ಮಹಾಪ್ರಾಣ ಹಾಕದೆ...” ಮಾವನ ದನಿ ಸಣ್ಣದಾಗಿತ್ತು. “ಆಸ್ಪತ್ರೆಯೋರು ಹೀಗೆ ಬರೀತಾರೆ ಅಂತ ನನಗೇನು ಗೊತ್ತು?”

“ಅವರಿಗೆ ಬೇಕಾಗಿರೋದು ಕಣ್ಣು ಹೊಲಿಯೋಕೆ ಬರೋದು, ಅಕ್ಷರ ತಿದ್ದೋಕಲ್ಲ!”

“ನೀವೂ ಬಿಟ್ಟುಬಿಡು ಅಂದಿದ್ರಿ,” ಎಂದಳು ಸೊಸೆ. ಗಂಡ ಗಕ್ಕನೆ ನಿಂತ. ಚಪ್ಪಲಿ ಮೆಟ್ಟಿ ಹೊರಗೆ ಹೋದ.

ಪುಟ್ಟಿ ಮೂಲೆಯಲ್ಲಿ ಫೋನು ಹಿಡಿದು ಅಳುತ್ತಾ ಬ್ಲಾಕ್ ತೆಗೆಯುತ್ತಿದ್ದಳು. “ನಾನೇ ಹೇಳ್ಕೊಟ್ಟಿದ್ದು ಅಮ್ಮಾ. ಎಲ್ಲಿ ಒತ್ತಬೇಕು ಅಂತ ನಾನೇ ಹೇಳ್ಕೊಟ್ಟಿದ್ದು.” ಸೊಸೆ ಅವಳ ತಲೆ ಸವರಿದಳು. ಯಾರನ್ನು ಬೈಯಬೇಕು ಎಂದು ಹುಡುಕಿದರೆ ಎಲ್ಲರೂ ಸಿಗುತ್ತಿದ್ದರು, ಬೈದು ಆಗುವುದು ಮಾತ್ರ ಏನೂ ಇರಲಿಲ್ಲ. ತನಗೆ ನಿಜವೆನಿಸಿದ್ದನ್ನು ತಾನೇ ಬೇರೆಯವರ ಕೈಗೆ ಕೊಟ್ಟೆನಲ್ಲ ಎಂಬ ಸಂಕಟ ಅವಳನ್ನು ಎಲ್ಲರಿಗಿಂತ ಹೆಚ್ಚು ಸುಟ್ಟಿತು.

ಸೋಮವಾರ ಮಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ದುಂಡಗಿನ ಅಕ್ಷರದಲ್ಲಿ ಎರಡು ಪುಟದ ಪತ್ರ ಬರೆದುಕೊಂಡು, ಸೊಸೆಯನ್ನು ಕರೆದುಕೊಂಡು ಆಸ್ಪತ್ರೆಗೆ ಹೊರಟರು. ಕಿಟಕಿಯ ಮುಂದೆ ನಿಂತು ಪತ್ರ ಚಾಚಿದರು.

“ತಪ್ಪು ನಂದು ತಾಯಿ. ನಮ್ಮ ಸೊಸೇದಲ್ಲ. ಅವಳ ಹೆಸರನ್ನ ಇದ್ದ ಜಾಗದಲ್ಲೇ ಇಡಿ.”

“ಅಜ್ಜಾ, ನನ್ನ ಕೈಲಿ ಏನಿದೆ?” ಎಂದಳು ಗುಮಾಸ್ತೆ. “ಕಂಪ್ಯೂಟರ್ ತಾನೇ ಕೆಳಗೆ ಹಾಕುತ್ತೆ.”

“ಹೋಗಲಿ, ಆ ದೂರನ್ನ ವಾಪಸ್ ತಗೋತೀನಿ. ಎಲ್ಲಿಗೆ ಹೋಗಬೇಕು?”

“ಕೊಟ್ಟ ದೂರು ವಾಪಸ್ ಬರಲ್ಲ. ನೀವೊಬ್ರೇ ಅಲ್ಲ ಅಜ್ಜಾ, ಇನ್ನೂ ಎಷ್ಟೋ ಜನ ಮೋಸ ಅಂತ ದೂರು ಕೊಟ್ರು. ಹೋದ ವಾರ ಫೋನ್ ಕಂಪನಿಯೋರು ಆ ನಂಬರನ್ನೇ ನಿಲ್ಲಿಸಿಬಿಟ್ಟಿದಾರೆ. ಇನ್ನು ಬಂದ್ರೆ ಬೇರೆ ನಂಬರಿಂದ ಬರುತ್ತೆ.”

“ಯಾವ ನಂಬರು? ಬರ್ಕೋತೀನಿ.”

“ಅದು ನಮಗೂ ಹೇಳಿಲ್ಲ. ಬಂದಾಗ ಎತ್ತಿ. ಯಾವುದನ್ನೂ ಬಿಡಬೇಡಿ.”

ಪತ್ರವನ್ನು ಅವಳು ಮೊಳೆಗೆ ಸಿಕ್ಕಿಸಿದಳು. ಅಲ್ಲಿ ಆಗಲೇ ಬಹಳ ಪತ್ರಗಳಿದ್ದವು.

ಅಂದಿನಿಂದ ಆ ಮನೆಯಲ್ಲಿ ಯಾವ ಕರೆಯನ್ನೂ ಬಿಡುವಂತಿಲ್ಲ, ಯಾವ ಮೆಸೇಜನ್ನೂ ಅಳಿಸುವಂತಿಲ್ಲ. ನೋಟ್‌ಬುಕ್ಕು ಅಟ್ಟ ಸೇರಿತು. ಮಾವ ಮುಂದಿನ ಕೋಣೆಯಲ್ಲಿ ಸೊಸೆಯ ಮೆಷಿನ್ನಿನ ಪಕ್ಕ ಕುರ್ಚಿ ಹಾಕಿಕೊಂಡು, ಅವಳ ಫೋನು ತೊಡೆಯ ಮೇಲಿಟ್ಟುಕೊಂಡು ಕೂತರು. ಸ್ನಾನಕ್ಕೆ ಹೋದರೆ ಬಕೆಟ್ಟಿನ ಪಕ್ಕದ ಸ್ಟೂಲಿನ ಮೇಲೆ ಫೋನು. ಸೈಟು ಮಾರುವವರು, ಸಾಲ ಕೊಡುವವರು, ಬಹುಮಾನ ಬಂದಿದೆ ಎನ್ನುವವರು, ಯಂತ್ರದ ದನಿಯವರು, ಎಲ್ಲರೊಂದಿಗೂ ಅವರದು ಒಂದೇ ಮಾತು.

“ಹೇಳಿ ಸ್ವಾಮಿ, ಕಣ್ಣಿನ ವಿಷಯಾನಾ?”

ಕೆಲವರು ಬೈದು ಇಡುತ್ತಿದ್ದರು. ಕೆಲವರು ನಗುತ್ತಿದ್ದರು. ಮಾವ, “ಅಲ್ವಾ? ಆಯ್ತು, ಕ್ಷಮಿಸಿ,” ಎಂದು ತಾವೇ ಕ್ಷಮೆ ಕೇಳುತ್ತಿದ್ದರು. ಗಂಡ ರಾತ್ರಿಪಾಳಿ ಕೇಳಿ ಪಡೆದು ಹಗಲೆಲ್ಲ ಮಲಗತೊಡಗಿದ. ತಂದೆಯೊಂದಿಗೆ ಮಾತಿಲ್ಲ. ಪುಟ್ಟಿಯ ಇಪ್ಪತ್ತು ಸೂಜಿ ಈಗ ಮೂವತ್ತಾಗಿತ್ತು, ಏಕೆಂದರೆ ದಪ್ಪ ಬಟ್ಟೆಯಲ್ಲಿ ದಾರ ಬೇಗ ಕಡಿಯುತ್ತಿತ್ತು, ಕಡಿದದ್ದು ಸೊಸೆಗೆ ಕಾಣುತ್ತಿರಲಿಲ್ಲ. ಒಬ್ಬ ಗಿರಾಕಿ ಪ್ಯಾಂಟು ತಿರುಗಿಸಿ ತೋರಿಸಿ, “ಟೈಲರಮ್ಮ, ಒಂದು ಕಾಲು ಗಿಡ್ಡ ಮಾಡಿದೀರಿ,” ಎಂದ. ಬೈಯಲಿಲ್ಲ, ಇನ್ನೊಮ್ಮೆ ಬರಲೂ ಇಲ್ಲ. ಹೀಗೆ ಐದು ತಿಂಗಳು ಕಳೆಯಿತು.

ಒಂದು ಮಧ್ಯಾಹ್ನ ಊಟವಾಗಿ ತಟ್ಟೆ ಇನ್ನೂ ಎತ್ತಿರಲಿಲ್ಲ. ಫೋನು ಬಂತು. ಮಾವ ಎಂಜಲು ಕೈಯಲ್ಲೇ ಹಸಿರು ಗುಂಡಿ ಒತ್ತಿ ಸ್ಪೀಕರ್ ಹಾಕಿದರು.

“ನಮಸ್ಕಾರ ಸಾರ್. ನಿಮ್ಮ ಕಾರ್ಡ್ ಇವತ್ತು ಬಂದ್...” ಎಂದಿತು ಒಂದು ಎಳೆಯ ದನಿ.

“ಹೇಳಿ ಸ್ವಾಮಿ, ಕಣ್ಣಿನ ವಿಷಯಾನಾ?”

ಆ ಕಡೆಯ ದನಿ ಮೆತ್ತಗಾಯಿತು.

“ಹೌದು ಸಾರ್. ಕಣ್ಣಿನ ವಿಷಯಾನೇ.”

ಮಾವ ಸೊಸೆಯತ್ತ ನೋಡಿದರು. ಸೊಸೆ ಮಾವನತ್ತ ನೋಡಿದಳು. ಇಬ್ಬರಿಗೂ ಗೊತ್ತಿತ್ತು. ಕಾರ್ಡು ಎಂದು ಶುರು ಮಾಡಿದವನು ಕಣ್ಣಿಗೆ ಬಂದದ್ದು ಹೇಗೆ ಎಂದು ಚಿಕ್ಕ ಮಗುವೂ ಹೇಳಬಹುದಿತ್ತು. ಮಾವನ ಹೆಬ್ಬೆರಳು ಕೆಂಪು ಗುಂಡಿಯ ಮೇಲೆ ಹೋಯಿತು. ಅಲ್ಲೇ ನಿಂತಿತು.

“ಯಾವ ಕಣ್ಣು?” ಎಂದು ಕೇಳಿದರು.

“ಬಲಗಣ್ಣು ಸಾರ್.”

ಇದ್ದದ್ದು ಎರಡೇ ಕಣ್ಣು. ಕುರುಡು ಏಟಿಗೆ ಒಂದು ತಗುಲಿತು, ಅಷ್ಟೇ. ಸೊಸೆಗೆ ಅದೂ ಗೊತ್ತಿತ್ತು. ಆದರೂ ಅವಳು ಕೈಯೊಳಗಿನ ಲೋಟ ಕೆಳಗಿಟ್ಟು ಫೋನಿನ ಹತ್ತಿರ ಸರಿದಳು.

“ನಿಮ್ಮ ಹೆಸರು ಮೇಲೆ ಬಂದಿದೆ ಸಾರ್. ಖಾತ್ರಿ ಮಾಡ್ಕೋಬೇಕು. ಈಗ ನಿಮ್ಮ ಫೋನಿಗೆ ಆರು ಅಂಕಿ ಬರುತ್ತೆ. ಅದನ್ನ ಹೇಳಿಬಿಡಿ. ಬೇಗ, ಎರಡು ನಿಮಿಷ ಅಷ್ಟೇ ಟೈಮಿರೋದು.”

ಫೋನು ಟಿಣ್ ಎಂದಿತು. ಮಾವ ಅದರ ಮೇಲೆ ಬಗ್ಗಿದರು. ಮೂವತ್ತೆಂಟು ವರ್ಷ ಅಕ್ಷರ ನೋಡಿದ ಮನುಷ್ಯ, ಅದನ್ನು ಓದಲಾರದವರಂತೆ ಸೊಸೆಯ ಕಡೆ ಚಾಚಿದರು.

“ನೀನೇ ಓದಮ್ಮಾ. ನನ್ನ ಕೈಲಿ ಆಗಲ್ಲ. ಇಡು ಅಂದ್ರೆ ಇಟ್ಟುಬಿಡ್ತೀನಿ. ನೀನೇ ಹೇಳು.”

ಆ ಮನೆಯಲ್ಲಿ ಅಷ್ಟು ತಿಂಗಳ ಮೇಲೆ ಒಂದು ಮೆಸೇಜಿನ ತೀರ್ಪನ್ನು ಅವಳ ಕೈಗೆ ಕೊಟ್ಟಿದ್ದರು. ಸೊಸೆ ಫೋನನ್ನು ಎಡಗಣ್ಣಿನ ಹತ್ತಿರ ಹಿಡಿದಳು. ಈ ಅಂಕಿಗಳನ್ನು ಯಾರಿಗೂ ಹೇಳಬೇಡಿ ಎಂದು ಅದರ ಕೆಳಗೇ ಬರೆದಿತ್ತು. ಕಾಗುಣಿತ ಸರಿಯಾಗಿತ್ತು. ಇದು ಮೋಸ, ಇಟ್ಟುಬಿಡು ಎಂದು ತನಗೆ ತಾನೇ ಹೇಳಿಕೊಂಡಳು. ಹೋದ ಸಲವೂ ಇದೇ ಮಾತು ಹೇಳಿಯೇ ಬ್ಲಾಕ್ ಒತ್ತಿದ್ದರಲ್ಲ ಎಂದು ಆ ಕೂಡಲೇ ಅನ್ನಿಸಿತು. ಡಾಕ್ಟರು ಹೇಳಿದ ಆರು ತಿಂಗಳಲ್ಲಿ ಇನ್ನು ಉಳಿದಿದ್ದದ್ದು ಮೂರು ವಾರ.

“ಅಮ್ಮಾ, ಇದೀರಾ? ಟೈಮಾಗ್ತಿದೆ.”

“ಇದೀನಿ,” ಎಂದಳು ಸೊಸೆ. ಅಂಕಿಗಳು ಮಸುಕು ಮಸುಕಾಗಿ ಒಂದರ ಮೇಲೊಂದು ಹತ್ತಿದ್ದವು. ಅವಳು ಬೆರಳಿಟ್ಟು ಮೊದಲನೆಯದನ್ನು ಬಿಡಿಸಿಕೊಂಡಳು.

“ಏಳು.”

“ಹೂಂ,” ಎಂದಿತು ಆ ಕಡೆಯ ದನಿ, ತುಂಬಾ ಮರ್ಯಾದೆಯಿಂದ. “ನಿಧಾನವಾಗಿ ಹೇಳಿ ತಾಯಿ. ಮುಂದೆ?”